ಐರಿಷ್ ರಿಪಬ್ಲಿಕನ್ ಚಳವಳಿ ಯಾಕೆ ಮತ್ತೆ ಮತ್ತೆ ಒಡೆಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

ಐರ್ಲೆಂಡ್‌ನ ಚರಿತ್ರೆ ಓದಲು ಕೂತವರು ಮೊದಲು ಎಡವುವುದು ಹೆಸರುಗಳಲ್ಲಿ. ಅಫಿಷಿಯಲ್ ಐಆರ್‌ಎ, ಪ್ರೊವಿಷನಲ್ ಐಆರ್‌ಎ, ಕಂಟಿನ್ಯುಯಿಟಿ ಐಆರ್‌ಎ, ರಿಯಲ್ ಐಆರ್‌ಎ, ನ್ಯೂ ಐಆರ್‌ಎ. ಸಾಲದೆಂದು ಶಿನ್ ಫೇನ್, ರಿಪಬ್ಲಿಕನ್ ಶಿನ್ ಫೇನ್. ಐಆರ್‌ಎ ಎಂದರೆ ಐರಿಷ್ ರಿಪಬ್ಲಿಕನ್ ಆರ್ಮಿ, ಬಂದೂಕು ಹಿಡಿದ ಸೇನೆ; ಶಿನ್ ಫೇನ್ ಅದರ ಜತೆಗಿನ ರಾಜಕೀಯ ಪಕ್ಷ. ಇದನ್ನು ದಾಯಾದಿ ಜಗಳ ಎಂದುಕೊಂಡು ಓದಿದರೆ ಅರ್ಧ ಗೊಂದಲ ಕಳೆಯುತ್ತದೆ. ಮನೆ ಒಂದೇ, ಹಿರಿಯರು ಒಬ್ಬರೇ, ಕಾದಾಟ ವಾರಸಿಗಾಗಿ. ಪರೀಕ್ಷೆಗೆ ಓದುವವರು, ಡಬ್ಲಿನ್‌ಗೆ ಕೆಲಸಕ್ಕೋ ಓದಿಗೋ ಹೋದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ರಿಪಬ್ಲಿಕನ್ ಎಂದರೆ ಯಾರು? ನ್ಯಾಷನಲಿಸ್ಟ್ ಎಂದರೂ ಅದೇ ಅಲ್ಲವೇ?

ಪೂರ್ತಿ ಅದೇ ಅಲ್ಲ. ಇಡೀ ಐರ್ಲೆಂಡ್ ದ್ವೀಪ ಒಂದಾಗಬೇಕು ಎಂದು ಇಬ್ಬರೂ ಬಯಸುತ್ತಾರೆ. (ಇವರ ಬೆಂಬಲಿಗರು ಬಹುಪಾಲು ಕ್ಯಾಥೊಲಿಕ್ಕರು. ಬ್ರಿಟನ್ ಜತೆಗೇ ಇರಬೇಕೆನ್ನುವ ಯೂನಿಯನಿಸ್ಟರು ಬಹುಪಾಲು ಪ್ರೊಟೆಸ್ಟೆಂಟರು.) ಜಾನ್ ಹ್ಯೂಮ್ ಅವರ ಎಸ್‌ಡಿಎಲ್‌ಪಿಯಂಥ ನ್ಯಾಷನಲಿಸ್ಟ್ ಪಕ್ಷಗಳು ಸಂಸತ್ತು, ಮಾತುಕತೆ, ಮತಪೆಟ್ಟಿಗೆಯ ದಾರಿಯನ್ನಷ್ಟೇ ಒಪ್ಪಿದವು. ಬ್ರಿಟಿಷ್ ರಾಜಮನೆತನದ ಸೋಂಕೇ ಇಲ್ಲದ ಗಣರಾಜ್ಯ ಬೇಕು, ಅದಕ್ಕೆ ಬಂದೂಕು ಹಿಡಿಯುವುದೂ ಸರಿ ಎಂಬ ಪರಂಪರೆಯಿಂದ ಬಂದವರು ರಿಪಬ್ಲಿಕನ್ನರು. ಬ್ರಿಟಿಷರ ವಿರುದ್ಧ 1916ರಲ್ಲಿ ಡಬ್ಲಿನ್‌ನಲ್ಲಿ ಎದ್ದ ಈಸ್ಟರ್ ದಂಗೆ ಅವರ ಪಾಲಿಗೆ ಮೂಲಸ್ಥಾನ.

ಹಾಗಾದರೆ ವಾರಸಿನ ಜಗಳ ಯಾವ ಆಸ್ತಿಗೆ?

1918ರ ಡಿಸೆಂಬರ್ ಚುನಾವಣೆಯಲ್ಲಿ ಐರ್ಲೆಂಡ್‌ನ 105 ಸ್ಥಾನಗಳಲ್ಲಿ 73 ಶಿನ್ ಫೇನ್ ಪಾಲಾದವು. ಗೆದ್ದವರು ಲಂಡನ್ನಿನ ಸಂಸತ್ತಿಗೆ ಹೋಗಲಿಲ್ಲ. 1919ರ ಜನವರಿ 21ರಂದು ಡಬ್ಲಿನ್‌ನ ಮ್ಯಾನ್ಷನ್ ಹೌಸ್‌ನಲ್ಲಿ ಸೇರಿ, ಇದೇ ನಮ್ಮ ಸಂಸತ್ತು ಎಂದು ಸಾರಿದರು. ಐರಿಷ್ ಭಾಷೆಯಲ್ಲಿ ಅದರ ಹೆಸರು ಡಾಯಿಲ್. ಆ ಸಭೆಯ ಗಣರಾಜ್ಯ ಇವತ್ತಿಗೂ ಕಾನೂನುಬದ್ಧವಾಗಿ ಜೀವಂತವಾಗಿದೆ, ಆಮೇಲೆ ಬಂದ ದಕ್ಷಿಣದ ಡಬ್ಲಿನ್ ಸರ್ಕಾರ, ಉತ್ತರದ ಬೆಲ್‌ಫಾಸ್ಟ್ ಸರ್ಕಾರ ಎರಡೂ ಅಕ್ರಮ ಎಂದು ನಂಬುವವರು ಈಗಲೂ ಇದ್ದಾರೆ. ಈ ನಂಬಿಕೆ ಕೈಯಲ್ಲಿದ್ದರೆ ಮುಂದಿನ ಒಂದೊಂದು ಒಡಕೂ ಅರ್ಥವಾಗುತ್ತದೆ. ಅಕ್ರಮ ಸದನದಲ್ಲಿ ಕೂರುವುದೋ ಬೇಡವೋ? ಸದನ ಬಹಿಷ್ಕಾರದ ಈ ಪ್ರಶ್ನೆಯೇ ಮತ್ತೆ ಮತ್ತೆ ಮನೆ ಮುರಿದಿದೆ.

ಮೊದಲ ಒಡಕು ದೇಶವಿಭಜನೆಯ ಕಾರಣಕ್ಕೆ ಆಯಿತಲ್ಲವೇ?

ಹಲವರು ಹಾಗೆ ತಿಳಿದಿದ್ದಾರೆ. ಆದರೆ ಬ್ರಿಟನ್ ವಿರುದ್ಧದ ಸ್ವಾತಂತ್ರ್ಯಯುದ್ಧಕ್ಕೆ ತೆರೆ ಎಳೆದ 1921ರ ಡಿಸೆಂಬರ್ 6ರ ಆಂಗ್ಲೋ-ಐರಿಷ್ ಒಪ್ಪಂದದ ಮೇಲೆ ಡಾಯಿಲ್‌ನಲ್ಲಿ ನಡೆದ ಚರ್ಚೆಯಲ್ಲಿ ಬ್ರಿಟನ್ ಬಳಿಯೇ ಉಳಿದ ಉತ್ತರದ ಆರು ಕೌಂಟಿಗಳ (ಜಿಲ್ಲೆಗಳ) ಮಾತು ಬಂದದ್ದು ಕಡಿಮೆ. ಸದಸ್ಯರ ಗಂಟಲಲ್ಲಿ ಇಳಿಯದಿದ್ದದ್ದು ಪ್ರಮಾಣವಚನ. ಹೊಸ ಐರಿಷ್ ಫ್ರೀ ಸ್ಟೇಟ್‌ನ ಸದಸ್ಯರು ಬ್ರಿಟಿಷ್ ರಾಜನಿಗೆ ನಿಷ್ಠರಾಗಿರುತ್ತೇವೆ ಎನ್ನಬೇಕಿತ್ತು. ಗಣರಾಜ್ಯಕ್ಕೆ ಆಣೆಯಿಟ್ಟು ಗೆಳೆಯರನ್ನು ಮಣ್ಣು ಮಾಡಿ ಬಂದವರಿಗೆ ಅದು ಬರೀ ಮಾತಾಗಿರಲಿಲ್ಲ.

ಸಹಿ ಹಾಕಿ ಬಂದ ಮೈಕೆಲ್ ಕಾಲಿನ್ಸ್ ಮತ್ತು ಆರ್ಥರ್ ಗ್ರಿಫಿತ್ ಒಂದು ಕಡೆ, ಗಣರಾಜ್ಯದ ಅಧ್ಯಕ್ಷ ಈಮನ್ ಡಿ ವೆಲೆರಾ ಇನ್ನೊಂದು ಕಡೆ. 1922ರ ಜನವರಿ 7ರಂದು 64–57 ಮತಗಳಿಂದ ಒಪ್ಪಂದ ಪಾಸಾಯಿತು. ಸದನದಲ್ಲಿದ್ದ ಆರು ಮಹಿಳೆಯರೂ ವಿರುದ್ಧ ಮತ ಹಾಕಿದರು. 1916ರಲ್ಲಿ ಇಬ್ಬರು ಗಂಡುಮಕ್ಕಳನ್ನು ಗುಂಡೇಟಿಗೆ ಕಳೆದುಕೊಂಡಿದ್ದ ಮಾರ್ಗರೆಟ್ ಪಿಯರ್ಸ್ ಅವರಲ್ಲೊಬ್ಬರು.

ಒಪ್ಪಂದದ ಪರ–ವಿರೋಧಿಗಳ ನಡುವೆ ಆಮೇಲೆ ನಡೆದ ಅಂತರ್ಯುದ್ಧದ ಕಹಿ ಇಷ್ಟು ವರ್ಷ ಉಳಿಯಲು ಏನು ಕಾರಣ?

ಕೊಂದವರೂ ಸತ್ತವರೂ ಒಂದೇ ಪಂಕ್ತಿಯಲ್ಲಿ ಉಂಡವರು. ಒಂದು ಫೋಟೋ ಇದೆ, 1921ರ ಅಕ್ಟೋಬರ್‌ನದು. ಕೆವಿನ್ ಓಹಿಗಿನ್ಸ್ ಎಂಬ ತರುಣನ ಮದುವೆಯ ದಿನ. ವರನ ಜತೆ ನಿಂತವರಲ್ಲಿ ಒಬ್ಬರು ಡಿ ವೆಲೆರಾ, ಇನ್ನೊಬ್ಬರು ರೋರಿ ಓಕಾನರ್. ಓಕಾನರ್ ಆವತ್ತು ವರನ ಪಕ್ಕ ನಿಲ್ಲುವ ಆಪ್ತಗೆಳೆಯ. ಎಂಟು ತಿಂಗಳಲ್ಲಿ, 1922ರ ಜೂನ್ 28ರಂದು, ಒಪ್ಪಂದವಿರೋಧಿ ಓಕಾನರ್ ಮತ್ತು ಸಂಗಡಿಗರು ಹಿಡಿದು ಕೂತಿದ್ದ ಡಬ್ಲಿನ್‌ನ ನ್ಯಾಯಾಲಯ ಫೋರ್ ಕೋರ್ಟ್ಸ್ ಕಟ್ಟಡದ ಮೇಲೆ ಕಾಲಿನ್ಸ್‌ರ ಸೇನೆ ಬ್ರಿಟಿಷರಿಂದ ಪಡೆದ ಫಿರಂಗಿಗಳಿಂದ ಗುಂಡು ಹಾರಿಸಿತು. ಪಕ್ಕದಲ್ಲೇ ಇದ್ದ ಸಾರ್ವಜನಿಕ ದಾಖಲೆಗಳ ಭಂಡಾರ ಸಿಡಿದು ಶತಮಾನಗಳ ಕಾಗದಪತ್ರ ಬೂದಿಯಾಯಿತು. ತಮ್ಮ ಪೂರ್ವಿಕರ ಜಾಡು ಹುಡುಕುವ ಐರಿಷರು ಇವತ್ತಿಗೂ ಆ ಬೆಂಕಿಯ ಗೋಡೆಗೆ ಬಂದು ಡಿಕ್ಕಿ ಹೊಡೆಯುತ್ತಾರೆ.

ಆಗಸ್ಟ್ 22ರಂದು ಕಾಲಿನ್ಸ್ ಕಾರ್ಕ್ ಕೌಂಟಿಯ ಬೇಲ್ ನ ಬ್ಲಾ ಎಂಬಲ್ಲಿ ಹೊಂಚುದಾಳಿಗೆ ಬಲಿಯಾದರು. ದಾಳಿಯ ತಂಡದ ಮುಖಂಡ ಟಾಮ್ ಹೇಲ್ಸ್, ಹಿಂದೆ ಕಾಲಿನ್ಸ್‌ರ ಸ್ನೇಹಿತ. ಟಾಮ್‌ನ ಒಡಹುಟ್ಟಿದ ಶಾನ್ ಹೇಲ್ಸ್ ಒಪ್ಪಂದದ ಪರವಾಗಿದ್ದ ಡಾಯಿಲ್ ಸದಸ್ಯ. ಡಿಸೆಂಬರ್ 7ರಂದು ಶಾನ್‌ನನ್ನು ಒಪ್ಪಂದವಿರೋಧಿಗಳು ಡಬ್ಲಿನ್‌ನಲ್ಲಿ ಗುಂಡಿಕ್ಕಿ ಕೊಂದರು. ಮರುದಿನ ಬೆಳಿಗ್ಗೆ ಸರ್ಕಾರ ಜೈಲಿನಲ್ಲಿದ್ದ ನಾಲ್ವರನ್ನು ವಿಚಾರಣೆಯಿಲ್ಲದೆ ಗುಂಡಿಗೆ ಒಡ್ಡಿತು. ಅವರಲ್ಲೊಬ್ಬ ರೋರಿ ಓಕಾನರ್. ಆ ನಿರ್ಧಾರಕ್ಕೆ ಒಪ್ಪಿಗೆ ಕೊಟ್ಟ ಮಂತ್ರಿಗಳಲ್ಲೊಬ್ಬ ಕೆವಿನ್ ಓಹಿಗಿನ್ಸ್. ಮದುವೆಯಾಗಿ ಇನ್ನೂ ಹದಿನಾಲ್ಕು ತಿಂಗಳು ಕಳೆದಿರಲಿಲ್ಲ.

1923ರ ಮೇ ಹೊತ್ತಿಗೆ ಯುದ್ಧ ನಿಂತಿತು. ಸರ್ಕಾರ ಅಧಿಕೃತವಾಗಿ ಮರಣದಂಡನೆ ಕೊಟ್ಟದ್ದು 77 ಮಂದಿಗೆ. ಆ ಸಂಖ್ಯೆಯನ್ನು ರಿಪಬ್ಲಿಕನ್ ಮನೆಗಳು ತಲೆಮಾರುಗಟ್ಟಲೆ ಮರೆಯಲಿಲ್ಲ.

ಡಿ ವೆಲೆರಾ ಆಮೇಲೆ ಅದೇ ಸದನಕ್ಕೆ ಹೋದರಲ್ಲ, ಹೇಗೆ?

ಪ್ರಮಾಣವಚನ ತೆಗೆದರೆ ಸದನಕ್ಕೆ ಹೋಗೋಣ ಎಂಬ ಡಿ ವೆಲೆರಾ ಅವರ ವಾದ 1926ರ ಶಿನ್ ಫೇನ್ ಅಧಿವೇಶನದಲ್ಲಿ ಸೋತಿತು. ಅಂತರ ಐದೇ ಮತ, 223–218. ಅವರು ಹೊರಬಂದು ಫಿಯಾನಾ ಫಾಯ್ಲ್ ಕಟ್ಟಿದರು. 1927ರ ಜುಲೈ 10ರ ಭಾನುವಾರ ಓಹಿಗಿನ್ಸ್ ಚರ್ಚಿಗೆ ಹೊರಟಿದ್ದಾಗ ಐಆರ್‌ಎಯವರು ಕೊಂದರು. ಅದರ ಬೆನ್ನಿಗೇ ಸರ್ಕಾರ, ಗೆದ್ದರೆ ಪ್ರಮಾಣ ಮಾಡುತ್ತೇವೆಂದು ಒಪ್ಪದವರು ಚುನಾವಣೆಗೇ ನಿಲ್ಲುವಂತಿಲ್ಲ ಎಂದು ಕಾನೂನು ತಂದಿತು. ಆಗಸ್ಟ್‌ನಲ್ಲಿ ಡಿ ವೆಲೆರಾ ಗುಮಾಸ್ತರ ಕೋಣೆಗೆ ಹೋದರು. ಮೇಜಿನ ಮೇಲಿದ್ದ ಬೈಬಲ್ಲನ್ನು ಎತ್ತಿ ದೂರವಿಟ್ಟರು. ಪ್ರಮಾಣದ ಒಕ್ಕಣೆ ಕಾಣದಂತೆ ಕಾಗದ ಮುಚ್ಚಿ ಸಹಿ ಹಾಕಿದರು. ಇದು ಪ್ರಮಾಣವಲ್ಲ, ಪೊಳ್ಳು ಶಾಸ್ತ್ರ ಎಂದರು.

ಐದು ವರ್ಷದ ಹಿಂದೆ ಇಷ್ಟು ಮಾಡಿದ್ದರೆ ಎಷ್ಟು ಜನ ಬದುಕಿರುತ್ತಿದ್ದರು ಎಂಬ ಪ್ರಶ್ನೆ ಆಗಲೇ ಎದ್ದಿತು. ನನಗೂ ಅದನ್ನು ದಾಟಿ ಮುಂದೆ ಹೋಗಲು ಆಗುವುದಿಲ್ಲ. ಆದರೂ ಅವರು ಮಾಡಿದ್ದು ಸಣ್ಣದಲ್ಲ. 1932ರಲ್ಲಿ ಅಧಿಕಾರಕ್ಕೆ ಬಂದು ಮರುವರ್ಷವೇ ಪ್ರಮಾಣವಚನ ರದ್ದು ಮಾಡಿದರು, 1937ರಲ್ಲಿ ಹೊಸ ಸಂವಿಧಾನ ತಂದರು. 1936ರಲ್ಲಿ ಐಆರ್‌ಎಯನ್ನು ನಿಷೇಧಿಸಿದ್ದೂ ಅವರೇ.

ಸದನಕ್ಕೆ ಹೋಗದೆ ಉಳಿದವರು ಏನಾದರು?

ಕರಗುತ್ತ ಹೋದರು. 1938ರ ಡಿಸೆಂಬರ್‌ನಲ್ಲಿ, 1921ರಲ್ಲಿ ಆಯ್ಕೆಯಾದ ಎರಡನೇ ಡಾಯಿಲ್‌ನ ಏಳು ನಿಷ್ಠಾವಂತ ಸದಸ್ಯರು ಗಣರಾಜ್ಯದ ಸರ್ಕಾರವೆಂಬ ತಮ್ಮ ಅಧಿಕಾರವನ್ನು ಐಆರ್‌ಎಯ ಸೇನಾ ಮಂಡಳಿಗೆ ಬರೆದುಕೊಟ್ಟರು. ಹೊರಗಿನವರಿಗೆ ಇದು ವಿಚಿತ್ರ ಕಾಗದ. ಒಳಗಿನವರಿಗೆ ಅದು ವಂಶಪಾರಂಪರ್ಯದ ದಾನಪತ್ರ. ಜನರ ಬೆಂಬಲ ಇರಲಿ ಬಿಡಲಿ, ಸೇನಾ ಮಂಡಳಿಯೇ ಐರ್ಲೆಂಡ್‌ನ ನಿಜವಾದ ಸರ್ಕಾರ ಎಂಬ ಮಾತಿಗೆ ಅದೇ ಆಧಾರ. ಆ ಏಳರಲ್ಲಿ ಟಾಮ್ ಮಗ್ವಾಯರ್ ಎಂಬವರ ಹೆಸರು ನೆನಪಿರಲಿ, ಮುಂದೆ ಬರುತ್ತದೆ.

ಅಫಿಷಿಯಲ್, ಪ್ರೊವಿಷನಲ್ ಎಂದು ಒಡೆದದ್ದು ಯಾವಾಗ?

1969ರ ಡಿಸೆಂಬರ್‌ನಲ್ಲಿ ಸೇನೆ (ಐಆರ್‌ಎ), 1970ರ ಜನವರಿಯಲ್ಲಿ ಪಕ್ಷ (ಶಿನ್ ಫೇನ್).

1956ರಿಂದ 1962ರವರೆಗಿನ ಗಡಿ ದಾಳಿಗಳು ಸೋತ ಮೇಲೆ ಕಾಹಲ್ ಗೂಲ್ಡಿಂಗ್ ನಾಯಕತ್ವದ ಐಆರ್‌ಎ ಎಡಕ್ಕೆ ಹೊರಳಿತು. ಬಾಡಿಗೆಮನೆ, ಕಾರ್ಮಿಕರ ಹಕ್ಕು, ಪ್ರೊಟೆಸ್ಟೆಂಟ್ ಮತ್ತು ಕ್ಯಾಥೊಲಿಕ್ ದುಡಿಯುವವರ ಒಗ್ಗಟ್ಟು ಅವರ ಮಾತಾಯಿತು. ಈ ವಿಚಾರದಲ್ಲಿ ತಪ್ಪಿರಲಿಲ್ಲ, ಆದರೆ ಆ ಹೊತ್ತು ಕಾಯುವ ಹೊತ್ತಾಗಿರಲಿಲ್ಲ. 1969ರ ಆಗಸ್ಟ್ 15ರಂದು ಬೆಲ್‌ಫಾಸ್ಟ್‌ನ ಬಾಂಬೆ ಸ್ಟ್ರೀಟ್ ಉರಿಯಿತು. ಹೌದು, ನಮ್ಮ ಬಾಂಬೆಯ ಹೆಸರೇ. ಕ್ಯಾಥೊಲಿಕ್ಕರ ಮನೆಗಳು ಸಾಲಾಗಿ ಸುಟ್ಟುಹೋದಾಗ ಕಾಯಲು ಐಆರ್‌ಎ ಬಳಿ ಬಂದೂಕುಗಳೇ ಇರಲಿಲ್ಲ ಎನ್ನುವಷ್ಟು ಕಡಿಮೆ. ಬೆಲ್‌ಫಾಸ್ಟ್‌ನ ಹಳಬರು ಅದನ್ನು ಕ್ಷಮಿಸಲಿಲ್ಲ.

ಅದರ ಮೇಲೆ ಗೂಲ್ಡಿಂಗ್ ಬಣ ಸದನ ಬಹಿಷ್ಕಾರ ಕೈಬಿಡಬೇಕೆಂದು ನಿರ್ಣಯ ತಂದಿತು. 1970ರ ಜನವರಿ 11ರಂದು ಡಬ್ಲಿನ್‌ನ ಬಾಲ್ಸ್‌ಬ್ರಿಜ್‌ನ ಹೋಟೆಲಿನಲ್ಲಿ ನಡೆದ ಶಿನ್ ಫೇನ್ ಅಧಿವೇಶನದಲ್ಲಿ ಅದಕ್ಕೆ ಬಹುಮತ ಸಿಕ್ಕಿತು, ಬೇಕಾದ ಮೂರನೇ ಎರಡರಷ್ಟು ಸಿಗಲಿಲ್ಲ. ಆದರೂ ಶಾನ್ ಮಕ್ ಸ್ಟೀಫಾಯ್ನ್ ಮತ್ತು ರೂರಿ ಓ ಬ್ರಾಡಿ ಜತೆಗಾರರೊಂದಿಗೆ ಎದ್ದು ಹೊರಟರು. ಊರಿನ ಇನ್ನೊಂದು ಮಗ್ಗುಲಿನಲ್ಲಿ ಮೊದಲೇ ಗೊತ್ತು ಮಾಡಿದ್ದ ಸಭಾಂಗಣದಲ್ಲಿ ಸೇರಿದರು. ಉಳಿದ ಗೂಲ್ಡಿಂಗ್ ಬಣ ಅಫಿಷಿಯಲ್ ಆಯಿತು, ಹೊರಟವರು ಪ್ರೊವಿಷನಲ್. 'ಪ್ರೊವಿಷನಲ್' ಎಂದರೆ ತಾತ್ಕಾಲಿಕ, 1916ರ ಹಂಗಾಮಿ ಸರ್ಕಾರದ ನೆನಪೂ ಅದರಲ್ಲಿದೆ. ಕೆಲವೇ ತಿಂಗಳಲ್ಲಿ ಹಂಗಾಮಿ ಅವಧಿ ಮುಗಿಯಿತೆಂದು ಅವರೇ ಸಾರಿದರೂ ಹೆಸರು ಬಿಡಲಿಲ್ಲ. ಈ ಹಂಗಾಮಿಗಳೇ ಮುಂದಿನ 30 ವರ್ಷ ಜಗತ್ತಿಗೆ ಐಆರ್‌ಎ ಆದರು. ಅವರು ಅಂದು ಆಶೀರ್ವಾದಕ್ಕೆ ಹೋದದ್ದು ಟಾಮ್ ಮಗ್ವಾಯರ್ ಬಳಿಗೆ. 1938ರ ಏಳರಲ್ಲಿ ಉಳಿದಿದ್ದವರು ಅವರೊಬ್ಬರೇ.

'ಸ್ಟಿಕೀಸ್' ಎಂದರೆ ಏನು?

ಈಸ್ಟರ್‌ನಲ್ಲಿ ಹುತಾತ್ಮರ ನೆನಪಿಗೆ ಕೋಟಿನ ಮೇಲೆ ಕಾಗದದ ಲಿಲಿ ಹೂ ಧರಿಸುವುದು ವಾಡಿಕೆ. ಅಫಿಷಿಯಲ್‌ಗಳ ಹೂವಿನ ಹಿಂದೆ ಅಂಟು ಇತ್ತು, ಪ್ರೊವಿಷನಲ್‌ಗಳ ಹೂವಿಗೆ ಗುಂಡುಪಿನ್ನು. ಹಾಗಾಗಿ ಅವರು ಸ್ಟಿಕೀಸ್, ಇವರು ಪಿನ್‌ಹೆಡ್ಸ್. ಎರಡನೆಯದು ಬೇಗ ಮಾಯವಾಗಿ ಪ್ರೊವೋಸ್ ಎಂಬುದೇ ನಿಂತಿತು. ಬೆಲ್‌ಫಾಸ್ಟ್‌ನ ಒಂದೇ ಬೀದಿಯಲ್ಲಿ ಯಾರ ಎದೆಯ ಮೇಲೆ ಅಂಟು, ಯಾರ ಎದೆಯ ಮೇಲೆ ಪಿನ್ನು ಎಂದು ನೋಡಿ ಮಾತಾಡುವ ಕಾಲ ಬಂತು. 1975ರ ಶರತ್ಕಾಲದಲ್ಲಿ ಇವರಿಬ್ಬರ ನಡುವಿನ ಕಾದಾಟದಲ್ಲಿ ಆರು ವರ್ಷದ ಹುಡುಗಿಯೂ ಸತ್ತಳು. ಐರ್ಲೆಂಡ್‌ನ ಸ್ವಾತಂತ್ರ್ಯಕ್ಕೂ ಆ ಮಗುವಿನ ಸಾವಿಗೂ ಏನು ಸಂಬಂಧ?

ಅಫಿಷಿಯಲ್‌ಗಳು ಮುಂದೆ ಎಲ್ಲಿಗೆ ಹೋದರು?

1972ರ ಮೇನಲ್ಲಿ ಕದನವಿರಾಮ ಸಾರಿದರು. ಅದನ್ನು ಒಪ್ಪದ ಶೇಮಸ್ ಕಾಸ್ಟೆಲೊ 1974ರ ಡಿಸೆಂಬರ್‌ನಲ್ಲಿ ಐಎನ್‌ಎಲ್‌ಎ (ಐರಿಷ್ ನ್ಯಾಷನಲ್ ಲಿಬರೇಷನ್ ಆರ್ಮಿ) ಎಂಬ ಸಶಸ್ತ್ರ ಗುಂಪು ಕಟ್ಟಿದರು. 1977ರಲ್ಲಿ ಹಳೆಯ ಸಂಗಾತಿಗಳ ಗುಂಡಿಗೇ ಬಲಿಯಾದರು. 1987ರಲ್ಲಿ ಐಎನ್‌ಎಲ್‌ಎಯೂ ಸೀಳಿ ತನ್ನವರನ್ನೇ ಕೊಂದುಕೊಂಡಿತು. ಅಫಿಷಿಯಲ್‌ಗಳ ಪಕ್ಷ ಮಾತ್ರ ವರ್ಕರ್ಸ್ ಪಾರ್ಟಿಯಾಗಿ 1989ರಲ್ಲಿ ಡಾಯಿಲ್‌ನಲ್ಲಿ ಏಳು ಸ್ಥಾನ ಗೆದ್ದಿತು. 1992ರಲ್ಲಿ ಏಳರಲ್ಲಿ ಆರು ಮಂದಿ ಹೊರಬಂದು, 1999ರಲ್ಲಿ ಲೇಬರ್ ಪಕ್ಷ ಸೇರಿದರು. ಅವರಲ್ಲಿ ಈಮನ್ ಗಿಲ್ಮೋರ್ 2011ರಲ್ಲಿ ಉಪಪ್ರಧಾನಿ.

1981ರ ಉಪವಾಸ ಸತ್ಯಾಗ್ರಹ ರಾಜಕೀಯವನ್ನು ಹೇಗೆ ಬದಲಿಸಿತು?

ರಾಜಕೀಯ ಕೈದಿಗಳೆಂದು ಪರಿಗಣಿಸಬೇಕೆಂದು ಉತ್ತರ ಐರ್ಲೆಂಡ್‌ನ ಮೇಜ್ ಜೈಲಿನಲ್ಲಿ ಅನ್ನನೀರು ಬಿಟ್ಟ ರಿಪಬ್ಲಿಕನ್ ಕೈದಿಗಳಲ್ಲಿ ಹತ್ತು ಮಂದಿ ಪ್ರಾಣ ಬಿಟ್ಟರು. (ನೀರು, ಉಪ್ಪು ತೆಗೆದುಕೊಳ್ಳುತ್ತಿದ್ದರು, ನಮ್ಮ ನುಡಿಗಟ್ಟು ಇಲ್ಲಿ ಪೂರ್ತಿ ಹೊಂದುವುದಿಲ್ಲ.) ಮೊದಲಿಗರಾದ ಬಾಬಿ ಸ್ಯಾಂಡ್ಸ್ 66ನೇ ದಿನ, ಮೇ 5ರಂದು ಸತ್ತಾಗ ವಯಸ್ಸು 27. ಅದಕ್ಕೆ ಒಂದು ತಿಂಗಳು ಮೊದಲು, ಏಪ್ರಿಲ್ 9ರಂದು, ಫರ್ಮಾನಾ ಮತ್ತು ಸೌತ್ ಟೈರೋನ್ ಕ್ಷೇತ್ರದ ಜನ 30,000ಕ್ಕೂ ಹೆಚ್ಚು ಮತ ಕೊಟ್ಟು ಅವರನ್ನು ಸಂಸತ್ತಿಗೆ ಆರಿಸಿದ್ದರು. ಜೂನ್‌ನಲ್ಲಿ ದಕ್ಷಿಣದ ಡಾಯಿಲ್‌ಗೂ ಇಬ್ಬರು ಕೈದಿಗಳು ಗೆದ್ದರು. ಮತಪೆಟ್ಟಿಗೆಗೆ ಬಂದೂಕಿಗಿಂತ ದೂರದ ಗುರಿ ಮುಟ್ಟುವ ಶಕ್ತಿ ಇದೆ ಎಂಬುದು ಉತ್ತರದ ಯುವ ನಾಯಕರ ತಲೆಗೆ ಹೋಯಿತು. ಎರಡನ್ನೂ ಒಟ್ಟಿಗೆ ಹಿಡಿಯುತ್ತೇವೆ ಎಂದು ಅವರು ಮೊದಲು ಅಂದುಕೊಂಡರು. 1983ರಲ್ಲಿ ಅವರಲ್ಲೊಬ್ಬರಾದ ಗೆರಿ ಆಡಮ್ಸ್ ವೆಸ್ಟ್ ಬೆಲ್‌ಫಾಸ್ಟ್‌ನಿಂದ ಗೆದ್ದು, ಓ ಬ್ರಾಡಿ ಜಾಗದಲ್ಲಿ ಪಕ್ಷದ ಅಧ್ಯಕ್ಷರೂ ಆದರು.

1986ರ ಅಧಿವೇಶನಕ್ಕೆ ಯಾಕಿಷ್ಟು ಮಹತ್ವ?

ಮತ್ತೆ ಅದೇ ಪ್ರಶ್ನೆ, ಅದೂ 1919ರಲ್ಲಿ ಡಾಯಿಲ್ ಸೇರಿದ್ದ ಅದೇ ಮ್ಯಾನ್ಷನ್ ಹೌಸ್‌ನಲ್ಲಿ. ಡಬ್ಲಿನ್‌ನ ಸದನದಲ್ಲಿ ಕೂರೋಣ ಎಂದು ಆಡಮ್ಸ್ ಮತ್ತು ಮಾರ್ಟಿನ್ ಮೆಗಿನಿಸ್. ಆ ದಾರಿ ಹಿಡಿದವರೆಲ್ಲ ಕೊನೆಗೆ ಬ್ರಿಟಿಷರ ವ್ಯವಸ್ಥೆಯ ಭಾಗವಾದರು ಎಂದು ಓ ಬ್ರಾಡಿ. ಸಶಸ್ತ್ರ ಹೋರಾಟ ನಿಲ್ಲುವುದಿಲ್ಲವೆಂದು ಮೆಗಿನಿಸ್ ಭರವಸೆ ಕೊಟ್ಟರು. ನವೆಂಬರ್ 2ರಂದು 429–161ರಿಂದ ನಿರ್ಣಯ ಗೆದ್ದಿತು. 16 ವರ್ಷದ ಹಿಂದೆ ಎದ್ದು ಹೊರಟಿದ್ದ ಓ ಬ್ರಾಡಿ ಮತ್ತೊಮ್ಮೆ ಅದೇ ಕಾರಣಕ್ಕೆ ಎದ್ದು ಹೊರಟು ರಿಪಬ್ಲಿಕನ್ ಶಿನ್ ಫೇನ್ ಕಟ್ಟಿದರು. ಟಾಮ್ ಮಗ್ವಾಯರ್, ಆಗ 94ರ ಮುದುಕ, ಈ ಸಲ ತಮ್ಮ ಆಶೀರ್ವಾದವನ್ನು ಆಡಮ್ಸ್ ಕಡೆಯಿಂದ ತೆಗೆದು ಓ ಬ್ರಾಡಿಗೆ ಕೊಟ್ಟರು.

ಓ ಬ್ರಾಡಿ ಅವರ ನಿಲುವನ್ನು ನಾನು ಒಪ್ಪುವುದಿಲ್ಲ. ಆದರೆ ಮುಂದೇನಾಗುತ್ತದೆ ಎಂದು ಆ ಸಭೆಯಲ್ಲಿ ಸರಿಯಾಗಿ ಹೇಳಿದವರು ಅವರೇ. ಸದನಕ್ಕೆ ಹೋದರೆ ಬಂದೂಕು ಕೆಳಗಿಡಬೇಕಾಗುತ್ತದೆ ಎಂದರು. ಹಾಗೇ ಆಯಿತು, ಆಗಿದ್ದು ಒಳ್ಳೆಯದಾಯಿತು.

ಶಾಂತಿ ಒಪ್ಪಂದದ ಹೊತ್ತಿಗೆ ದೊಡ್ಡ ಒಡಕು ಯಾಕಾಗಲಿಲ್ಲ?

ಆಯಿತು, ಆದರೆ ಚಿಕ್ಕದು. 1922ರ ಪಾಠ ಆಡಮ್ಸ್ ಮತ್ತು ಮೆಗಿನಿಸ್‌ಗೆ ಕಂಠಪಾಠವಾಗಿತ್ತು. ಸೇನೆಯ ಬಹುಪಾಲನ್ನು ಜತೆಗೆ ಕರೆದೊಯ್ಯದಿದ್ದರೆ ಶಾಂತಿ ಎಂಬುದು ಇನ್ನೊಂದು ಅಂತರ್ಯುದ್ಧವಾಗುತ್ತದೆ ಎಂದು ತಿಳಿದು ವರ್ಷಗಟ್ಟಲೆ ಮನೆಮನೆ, ಜೈಲುಜೈಲು ಸುತ್ತಿ ಮಾತಾಡಿದರು. 1994ರ ಆಗಸ್ಟ್ 31ರಂದು ಕದನವಿರಾಮ, 1996ರ ಫೆಬ್ರವರಿಯಲ್ಲಿ ಲಂಡನ್ನಿನ ಡಾಕ್‌ಲ್ಯಾಂಡ್ಸ್ ಬಾಂಬಿನೊಂದಿಗೆ ಅದಕ್ಕೆ ಭಂಗ, 1997ರ ಜುಲೈನಲ್ಲಿ ಮತ್ತೆ ವಿರಾಮ. ಆ ಅಕ್ಟೋಬರ್‌ನಲ್ಲಿ ಶಸ್ತ್ರಾಗಾರದ ಉಸ್ತುವಾರಿ ಹೊತ್ತಿದ್ದ ಮೈಕೆಲ್ ಮೆಕೆವಿಟ್ ಹೊರಬಿದ್ದು ರಿಯಲ್ ಐಆರ್‌ಎ ಕಟ್ಟಿದರು. ಬಾಬಿ ಸ್ಯಾಂಡ್ಸ್‌ರ ತಂಗಿ ಬರ್ನಡೆಟ್ ಕೂಡ ಶಾಂತಿ ಪ್ರಕ್ರಿಯೆಯ ವಿರೋಧಿಗಳ ಕಡೆಯೇ ನಿಂತರು.

1998ರ ಏಪ್ರಿಲ್ 10ರಂದು, ಉತ್ತರದಲ್ಲಿ ಎರಡೂ ಸಮುದಾಯಗಳು ಅಧಿಕಾರ ಹಂಚಿಕೊಳ್ಳುವ ಗುಡ್ ಫ್ರೈಡೇ ಒಪ್ಪಂದ. ಮೇನಲ್ಲಿ ಬೆಲ್‌ಫಾಸ್ಟ್‌ನ ಅಸೆಂಬ್ಲಿಯಲ್ಲಿ ಕೂರಲು ಶಿನ್ ಫೇನ್ ಅಧಿವೇಶನ 331–19ರಿಂದ ಒಪ್ಪಿತು. ಜನಮತದಲ್ಲಿ ಉತ್ತರದಲ್ಲಿ ಶೇ 71, ದಕ್ಷಿಣದಲ್ಲಿ ಶೇ 94 ಪರವಾಗಿ ಬಂತು. 1918ರ ನಂತರ ಇಡೀ ದ್ವೀಪದ ಜನ ತಮ್ಮ ರಾಜಕೀಯ ಭವಿಷ್ಯದ ಬಗ್ಗೆ ಒಂದೇ ದಿನ ಮತ ಹಾಕಿದ್ದು ಆಗಲೇ. 1919ರ ವಾರಸು ನಮ್ಮದೇ ಎನ್ನುತ್ತಿದ್ದ ಸಶಸ್ತ್ರ ಗುಂಪುಗಳಿಗೆ ಇದಕ್ಕೆ ಕೊಡಲು ಉತ್ತರವಿರಲಿಲ್ಲ.

ಆಗಸ್ಟ್ 15ರ ಶನಿವಾರ ಉತ್ತರ ಐರ್ಲೆಂಡ್‌ನ ಒಮಾ ಪಟ್ಟಣದ ಅಂಗಡಿಬೀದಿಯಲ್ಲಿ ರಿಯಲ್ ಐಆರ್‌ಎಯ ಕಾರ್ ಬಾಂಬು ಸಿಡಿಯಿತು. ಬಾಂಬ್ ಇರುವ ಜಾಗದ ಬಗ್ಗೆ ಬಂದ ಎಚ್ಚರಿಕೆಯ ಕರೆ ಗೊಂದಲದ್ದಾಗಿತ್ತು. ಪೊಲೀಸರು ಜನರನ್ನು ಬಾಂಬಿನ ಕಡೆಗೇ ಸಾಗಿಸಿದಂತಾಯಿತು. 29 ಮಂದಿ ಸತ್ತರು. ಅವರಲ್ಲೊಬ್ಬಾಕೆ ಅವಳಿ ಮಕ್ಕಳ ತುಂಬು ಗರ್ಭಿಣಿ.

ಆಯುಧ ಕೆಳಗಿಟ್ಟದ್ದು ನಿಜವೇ?

ನಿಜ. 2005ರ ಜುಲೈ 28ರಂದು ಪ್ರೊವಿಷನಲ್ ಐಆರ್‌ಎ ಸಶಸ್ತ್ರ ಹೋರಾಟ ಮುಗಿಯಿತೆಂದು ಸಾರಿತು. ಸೆಪ್ಟೆಂಬರ್‌ನಲ್ಲಿ ಆಯುಧಗಳನ್ನು ನಿರುಪಯೋಗಿ ಮಾಡಿದ್ದಕ್ಕೆ ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಮೆಥಡಿಸ್ಟ್ ಪಾದ್ರಿ ಕಣ್ಣಾರೆ ಸಾಕ್ಷಿಯಾದರು. 2007ರ ಜನವರಿಯಲ್ಲಿ ಶಿನ್ ಫೇನ್ ಉತ್ತರದ ಪೊಲೀಸರಿಗೂ ಬೆಂಬಲ ಘೋಷಿಸಿತು. ಹಲವರಿಗೆ ಇದು ಆಯುಧಕ್ಕಿಂತ ಕಠಿಣ ತುತ್ತಾಗಿತ್ತು. ಮೇ 8ರಂದು ಯೂನಿಯನಿಸ್ಟ್ ನಾಯಕ ಇಯಾನ್ ಪೇಸ್ಲಿ ಜತೆ ಮೆಗಿನಿಸ್ ಉತ್ತರದ ಸರ್ಕಾರದಲ್ಲಿ ಅಧಿಕಾರ ಸ್ವೀಕರಿಸಿದರು.

ಈಗಲೂ ಸಶಸ್ತ್ರ ಗುಂಪುಗಳಿವೆಯೇ?

ಇವೆ, ಸಣ್ಣವು. 2009ರ ಮಾರ್ಚ್‌ನಲ್ಲಿ ಇಬ್ಬರು ಸೈನಿಕರು, ಒಬ್ಬ ಪೊಲೀಸ್ ಹತರಾದಾಗ ಮೆಗಿನಿಸ್ ಪೊಲೀಸ್ ಮುಖ್ಯಸ್ಥರ ಪಕ್ಕದಲ್ಲೇ ನಿಂತು, ಕೊಂದವರು ಐರ್ಲೆಂಡ್ ದ್ವೀಪಕ್ಕೇ ದ್ರೋಹಿಗಳು ಎಂದರು. ಒಂದು ಕಾಲದ ಐಆರ್‌ಎ ಕಮಾಂಡರ್ ಬಾಯಿಂದ ಆ ಮಾತು ಬರಲು ಎಷ್ಟು ದೂರ ನಡೆದಿರಬೇಕು. 2012ರಲ್ಲಿ ಕೆಲವು ಗುಂಪುಗಳು ಸೇರಿ ಆದದ್ದು ನ್ಯೂ ಐಆರ್‌ಎ. 2019ರ ಏಪ್ರಿಲ್ 18ರಂದು ಡೆರಿಯ ಗಲಭೆ ವರದಿ ಮಾಡುತ್ತಿದ್ದ 29ರ ಪತ್ರಕರ್ತೆ ಲೀರಾ ಮಕೀ ನ್ಯೂ ಐಆರ್‌ಎಯವರ ಗುಂಡಿಗೆ ಬಲಿಯಾದರು.

ಭಾರತಕ್ಕೂ ಇದಕ್ಕೂ ಏನಾದರೂ ನಂಟಿದೆಯೇ?

ಪಿಯುಸಿಯಲ್ಲಿ ನಾವು ಓದಿದ ರಾಜ್ಯನೀತಿಯ ನಿರ್ದೇಶಕ ತತ್ವಗಳು ಡಿ ವೆಲೆರಾ ಅವರ 1937ರ ಸಂವಿಧಾನದಿಂದ ಬಂದವು. 1920ರಲ್ಲಿ ಜಲಂಧರದಲ್ಲಿದ್ದ ಐರಿಷ್ ಸೈನಿಕರು ತಮ್ಮ ಊರಿನಲ್ಲಿ ಬ್ರಿಟಿಷರು ನಡೆಸುತ್ತಿದ್ದ ದಬ್ಬಾಳಿಕೆ ವಿರೋಧಿಸಿ ಬಂಡೆದ್ದರು, ಜೇಮ್ಸ್ ಡೇಲಿ ಎಂಬಾತನಿಗೆ ಮರಣದಂಡನೆಯಾಯಿತು. ನಮ್ಮ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್‌ರನ್ನು 1979ರ ಆಗಸ್ಟ್ 27ರಂದು ದೋಣಿಯಲ್ಲಿ ಬಾಂಬಿಟ್ಟು ಕೊಂದದ್ದು ಪ್ರೊವಿಷನಲ್ ಐಆರ್‌ಎ. ಸಾಮ್ರಾಜ್ಯಕ್ಕೆ ಕೊಟ್ಟ ಏಟು ಎಂದು ಹೇಳುವವರು ಅದೇ ದೋಣಿಯಲ್ಲಿ 14 ಮತ್ತು 15 ವರ್ಷದ ಇಬ್ಬರು ಹುಡುಗರೂ ಸತ್ತರೆಂಬುದನ್ನು ಜತೆಗೇ ಹೇಳಬೇಕು.

ಶಿನ್ ಫೇನ್ ತನ್ನ ಆದರ್ಶವನ್ನು ಮಾರಿಕೊಂಡಿತೇ?

ಭಿನ್ನಮತೀಯರ ಆರೋಪ ಅದೇ. ಬ್ರಿಟನ್ ಹೋಗಲಿಲ್ಲ, ಗಡಿ ಅಳಿಸಲಿಲ್ಲ, ಹಾಗಿದ್ದರೆ ಅಷ್ಟು ಜನ ಸತ್ತದ್ದು ಯಾತಕ್ಕೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಮೂರು ದಶಕಗಳಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಸುಮಾರು 1,700 ಮಂದಿಯನ್ನು ಕೊಂದದ್ದು ಪ್ರೊವಿಷನಲ್ ಐಆರ್‌ಎ. 1998ರಲ್ಲಿ ಸಿಕ್ಕಿದ್ದು 1973ರಲ್ಲೇ ಸನ್ನಿಂಗ್‌ಡೇಲ್ ಒಪ್ಪಂದದಲ್ಲಿ ಬಹಳಷ್ಟು ಮೇಜಿನ ಮೇಲಿತ್ತು, ಆಗ ಅದನ್ನು ಪ್ರೊವಿಷನಲ್‌ಗಳೂ ಒಪ್ಪಲಿಲ್ಲ, ಯೂನಿಯನಿಸ್ಟ್ ಬಹುಪಾಲೂ ಒಪ್ಪಲಿಲ್ಲ. ನನ್ನ ತೀರ್ಮಾನ ಇಷ್ಟು: ಬಂದೂಕು ಇಳಿಸಿದ್ದು ದ್ರೋಹವಲ್ಲ, ಇಳಿಸಲು ಅಷ್ಟು ತಡ ಮಾಡಿದ್ದಕ್ಕೆ ಲೆಕ್ಕ ಕೊಡಬೇಕು. ಸತ್ತವರ ಆಣೆಯನ್ನು ಬದುಕಿರುವವರ ಮತಕ್ಕಿಂತ ಮೇಲಿಟ್ಟ ಪ್ರತಿ ಬಣವೂ ಆ ಲೆಕ್ಕದಲ್ಲಿ ಪಾಲುದಾರ.

ಇವತ್ತು ಶಿನ್ ಫೇನ್ ಎಲ್ಲಿದೆ?

2020ರಲ್ಲಿ ದಕ್ಷಿಣದಲ್ಲಿ ಎಲ್ಲರಿಗಿಂತ ಹೆಚ್ಚು ಮೊದಲ ಪ್ರಾಶಸ್ತ್ಯದ ಮತ ಪಡೆಯಿತು. ಅದನ್ನು ಅಧಿಕಾರದಿಂದ ದೂರವಿಡಲು ಅಂತರ್ಯುದ್ಧದ ಎರಡು ಕಡೆಗಳ ಸಂತಾನವಾದ ಫಿಯಾನಾ ಫಾಯ್ಲ್ ಮತ್ತು ಫಿನ್ ಗೇಲ್ ಮೊದಲ ಬಾರಿಗೆ ಕೂಡಿ ಸರ್ಕಾರ ಮಾಡಿದವು. 2024ರ ಫೆಬ್ರವರಿ 3ರಂದು ಮಿಶೆಲ್ ಓನೀಲ್ ಉತ್ತರ ಐರ್ಲೆಂಡ್‌ನ ಫಸ್ಟ್ ಮಿನಿಸ್ಟರ್ ಆದರು, ಯೂನಿಯನಿಸ್ಟರಿಗಾಗಿಯೇ ಗೆರೆ ಎಳೆದ ನಾಡಿಗೆ ಮೊದಲ ರಿಪಬ್ಲಿಕನ್ ಮುಖ್ಯಸ್ಥೆ. ಹಿಂದಿನ ವರ್ಷ ಬ್ರಿಟಿಷ್ ರಾಜನ ಪಟ್ಟಾಭಿಷೇಕಕ್ಕೂ ಅವರು ಹೋಗಿ ಬಂದಿದ್ದರು.

ಒಂದು ಬಾಗಿಲು ಮಾತ್ರ ಇನ್ನೂ ದಾಟಿಲ್ಲ. 2024ರ ಜುಲೈನಲ್ಲಿ ಶಿನ್ ಫೇನ್‌ನ ಏಳು ಮಂದಿ ಲಂಡನ್ನಿನ ಸಂಸತ್ತಿಗೆ ಗೆದ್ದರು. ಕ್ಷೇತ್ರದ ಕಚೇರಿ ತೆರೆದು ಜನರ ಅರ್ಜಿ ನೋಡುತ್ತಾರೆ, ಸಂಬಳ ತೆಗೆದುಕೊಳ್ಳುವುದಿಲ್ಲ, ಸದನದಲ್ಲಿ ಕೂರುವುದಿಲ್ಲ. ಕೂರಬೇಕಾದರೆ ರಾಜನಿಗೆ ನಿಷ್ಠರಾಗಿರುತ್ತೇವೆ ಎಂದು ಪ್ರಮಾಣ ಮಾಡಬೇಕು.